ತಟಸ್ಥ

ಬಾಗಿಲು ಪೂರ್ತಿ ತೆರೆಯುವ ಮೊದಲೇ ಹೆಡ್ಲಿಯ ದೂರು:
ಅತ್ತ ಅವನು ಕೆಟಲ್ ಹಾಕಿದರೆ
ಇತ್ತ ನನ್ನ ದೀಪ ಉರಿದೆದ್ದು ಕಣ್ಣು ಕುಕ್ಕುತ್ತದೆ.
ಬೆಳಗ್ಗೆ ಐದೂವರೆಗೆ, ಹತ್ತಕ್ಕೆ,
ಮತ್ತೆ ರಾತ್ರಿ ಒಂದಕ್ಕೆ.
ಎಪ್ಪತ್ತು ದಾಟಿದವನಿಗೆ ರಾತ್ರಿ ಒಂದಕ್ಕೆ ಯಾಕೆ ಚಹ?
ಈ ವಾರ ಮೂರು ಬಲ್ಬು ಸತ್ತವು.
ಬೇಕಂತಲೇ ಮಾಡುತ್ತಾನೆ.

ಗೋಡೆಯ ಆಚೆಗೆ ಗಾರ್ಲಂಡ್:
ಅವನು ಹೀಟರ್ ಹಾಕಿದರೆ ನನ್ನ ರೇಡಿಯೊ ಕಿರುಚುತ್ತದೆ,
ನಾನು ಚಹ ಇಟ್ಟರೆ ನನ್ನ ದೀಪವೇ ಮಂಕಾಗುತ್ತದೆ.
ನನ್ನ ಬೆಳಕನ್ನು ಎಳೆದುಕೊಳ್ಳುತ್ತಾನೆ, ಬರೆದುಕೋ.

ಬರೆದುಕೊಳ್ಳಲಿಲ್ಲ.

ನ್ಯೂಫೌಂಡ್‌ಲ್ಯಾಂಡಿನ ಬಡಗಣ ದಡ, ಫೆಬ್ರವರಿ,
ಬಂಡೆಗೆ ಕಚ್ಚಿಕೊಂಡ ಮರದ ಮನೆ.
ಒಂದು ದೋಣಿಯ ಜಗಳಕ್ಕೆ
ಹನ್ನೊಂದು ವರ್ಷದ ಹಿಂದೆ ನಡುವೆ ಬಂದ ಪ್ಲೈವುಡ್ಡು.
ಮೆಟ್ಟಿಲು ಹೆಡ್ಲಿಯ ಪಾಲಿಗೆ, ಒಲೆ ಗಾರ್ಲಂಡಿಗೆ;
ಹೀಗಾಗಿ ಒಬ್ಬ ತಣ್ಣಗಿನದನ್ನು ತಿನ್ನುತ್ತಾನೆ,
ಇನ್ನೊಬ್ಬ ಮಲಗಲು ಹೊರಗಿನಿಂದ ಏಣಿ ಹತ್ತುತ್ತಾನೆ.
ದೋಣಿ ಎಂದೋ ಕೊಳೆತುಹೋಯಿತು.

ಬಲ್ಬು ತಿರುಗಿಸಿದೆ: ಬಿಗಿ.
ಸ್ವಿಚ್ಚು ಬಿಚ್ಚಿದೆ, ಮುಚ್ಚಿದೆ.
ಬ್ರೇಕರುಗಳ ಮೇಲೆ ಅಂಗೈಯಿಟ್ಟೆ,
ಜ್ವರವಿದ್ದರೆ ತಿಳಿಯಲಿ ಎಂದು. ಇರಲಿಲ್ಲ.
ನನಗೆ ಕೆಲಸ ಕಲಿಸಿದ ಆಲ್ಫಿಯಸ್ ಹೇಳುತ್ತಿದ್ದ:
ಒಂದು ದೀಪ ನಡುಗಿದರೆ ದೀಪವನ್ನು ಕೇಳು,
ಒಂದು ಕೋಣೆ ನಡುಗಿದರೆ ಕೋಣೆಯನ್ನು;
ಇಡೀ ಮನೆ ನಡುಗಿದರೆ
ಹೊರಗೆ ಬಂದು ಕತ್ತೆತ್ತಿ ನೋಡು.

ಅದಕ್ಕೂ ಮೊದಲು ಮೀಟರು ಹಿಡಿದೆ.
ಅತ್ತ ತೊಂಬತ್ತೆಂಟು, ಇತ್ತ ನೂರ ನಲವತ್ತೆರಡು.
ಇರಬೇಕಾದದ್ದು ನೂರಿಪ್ಪತ್ತು, ನೂರಿಪ್ಪತ್ತು.
ಕೂಡಿದರೆ ಹೇಗೂ ಇನ್ನೂರ ನಲವತ್ತೇ,
ಪಾಲುಪತ್ರದ ಲೆಕ್ಕದ ಹಾಗೆ:
ಒಬ್ಬನಿಗೆ ಕಡಿಮೆಯಾದದ್ದೆಲ್ಲ
ಇನ್ನೊಬ್ಬನ ಮನೆಯಲ್ಲಿ ಸುಡುತ್ತಿದೆ.

ಒಂದು ಫೇಸು ಇವನಿಗೆ, ಒಂದು ಅವನಿಗೆ.
ವಾಪಸು ಹೋಗುವ ದಾರಿ ಮಾತ್ರ ಇಬ್ಬರಿಗೂ ಒಂದೇ.
ಆ ಮೂರನೆಯ ತಂತಿಗೆ ತಟಸ್ಥ ಎಂದು ಹೆಸರು,
ದಡದಲ್ಲಿ ನಿಂತದ್ದು.
ಹೆಸರಿಟ್ಟವರಿಗೆ ಈ ದಡ ಗೊತ್ತಿರಲಾರದು.
ಇಲ್ಲಿ ದಡದಲ್ಲಿ ನಿಂತದ್ದಕ್ಕೇ ಮೊದಲ ಉಪ್ಪು.

ಮೇನ್ ಇಳಿಸಿದೆ. ಇಬ್ಬರಿಗೂ ಹೇಳಿದೆ: ಏನೂ ಮುಟ್ಟಬೇಡಿ.
ಎರಡು ತಾಸು ಎರಡೂ ಕಡೆ ಒಂದೇ ಕತ್ತಲು.
ಒಬ್ಬ ಕೆಮ್ಮಿದ. ಸ್ವಲ್ಪ ಹೊತ್ತಿಗೆ ಇನ್ನೊಬ್ಬನೂ.

ವಿದ್ಯುತ್ ಕಂಪನಿಯ ಹುಡುಗಿ, ಐವಿ ಬರ್ಸಿ,
ಲಾರಿಯ ಬಕೆಟ್ಟಿನಲ್ಲಿ ನಿಂತು ಮಂಜಿನೊಳಕ್ಕೆ ಏರಿದಳು.
ಸೂರಿನಡಿಯ ಹಳೆಯ ಕ್ಲ್ಯಾಂಪು,
ಅವರಪ್ಪ ಬದುಕಿದ್ದಾಗ ಹಾಕಿದ್ದು,
ಗ್ಲೋವಿನಲ್ಲಿ ಹಿಡಿದೊಡನೆ
ಬಿಸ್ಕತ್ತಿನಂತೆ ಉದುರಿತು.
ಗಾಳಿ ಬೀಸಿದಾಗ ಬಿಡುತ್ತಿತ್ತು, ನಿಂತಾಗ ಮುಟ್ಟುತ್ತಿತ್ತು,
ಅಷ್ಟರಲ್ಲೇ ಎರಡು ಸಂಸಾರ.
ಕಂಬದಿಂದ ಅಲ್ಲಿಯವರೆಗೆ ಕಂಪನಿಯದೇ ಹೊಣೆ,
ಹಾಗಾಗಿ ಖರ್ಚು ಹಂಚುವ ಜಗಳ ತಪ್ಪಿತು,
ಇಬ್ಬರಿಗೂ ತುಸು ನಿರಾಸೆಯಾಯಿತು ಅನಿಸುತ್ತದೆ.

ಮೇನ್ ಏರಿಸಿದೆ. ಮುಳ್ಳು ನೂರಿಪ್ಪತ್ತರಲ್ಲಿ ನಿಂತಿತು.
ಗೋಡೆಗೆ ಬಾಯಿಟ್ಟು ಕೂಗಿದೆ: ಗಾರ್ಲಂಡ್, ಕೆಟಲ್ ಹಾಕು!

ಹೆಡ್ಲಿ ದೀಪದ ಕೆಳಗೆ ನಿಂತ,
ಹುಬ್ಬಿಗೆ ಕೈ ಅಡ್ಡ ಹಿಡಿದು, ಕಾಯುತ್ತ.
ದೀಪ ಮಿಸುಕಲಿಲ್ಲ.

ಹಾಕಿದನೇ? ಎಂದ.
ಹಾಕಿದ್ದಾನೆ, ಎಂದೆ.

ನಾನು ಸ್ಕ್ರೂಡ್ರೈವರು ಎತ್ತಿಟ್ಟು ಬೂಟು ಕಟ್ಟಿಕೊಳ್ಳುವಾಗಲೂ
ಅವನು ಅಲ್ಲೇ ಇದ್ದ.
ಇನ್ನು ರಾತ್ರಿ ಒಂದಕ್ಕೆ, ಎಂದ ಬಲ್ಬಿಗೆ,
ನನಗೆ ಗೊತ್ತಾಗುವುದು ಹೇಗೆ?