ಬಾಲವಿರುವ ಗೀಟು

ಹೆಣ್ಣು ಹತ್ತಿದ ದೋಣಿಗೆ ಮೀನು ಸೇರುವುದಿಲ್ಲ
ಎನ್ನುತ್ತಿದ್ದ ನನ್ನಪ್ಪ. ಅವನಪ್ಪನೂ.
ಅದಕ್ಕೇ, ಚರ್ಮದ ಪೆಟ್ಟಿಗೆ ಹಿಡಿದು
ಬೋದೋ ಬಂದರಿನ ಕಟ್ಟೆಯ ಮೇಲೆ ನಿಂತು
ಅವಳು ಕೈ ಬೀಸಿದಾಗ
ಹಗ್ಗ ಸುತ್ತುವವನಂತೆ ಬೆನ್ನು ತಿರುಗಿಸಿದೆ.
ಸುತ್ತಿದ್ದನ್ನೇ ಬಿಚ್ಚಿ ಮತ್ತೆ ಸುತ್ತಿದೆ.

"ಡಾಕ್ಟರು ಬೇಕೆಂದು ಬರೆದದ್ದು ನಿಮ್ಮ ದ್ವೀಪದವರೇ ಅಲ್ಲವೆ?"
ಬರೆದದ್ದು ನಿಜ.
ಹೆಣ್ಣು ಬೇಕೆಂದು ಬರೆದಿರಲಿಲ್ಲ.

ದೋರ್ತೆಯಾ ಬ್ರಾತ್ಲಿ.
ರಾಜಧಾನಿಯಲ್ಲಿ ಹೆಣ ಕೊಯ್ದು ಕಲಿತವಳಂತೆ,
ಗಂಡಸರ ಹೆಣವನ್ನೂ, ಮೇಲೊಂದು ಬಟ್ಟೆ ಹೊದಿಸದೆ.
ಪಾದ್ರಿಯ ಹೆಂಡತಿ ಪಿಸುಗುಟ್ಟಿದ್ದು
ಕತ್ತಲಾಗುವ ಮೊದಲೇ ಹದಿನೇಳು ಮನೆಯ ಒಲೆ ಮುಟ್ಟಿತ್ತು.

ಕರೆಯದೆಯೇ ಇಳಿದಳು ದೋಣಿಗೆ.
ಅರ್ಧ ದಾರಿಯಲ್ಲಿ ವಾಂತಿ ಮಾಡಿದಳು,
ಗಾಳಿಯ ದಿಕ್ಕು ನೋಡಿಕೊಂಡು.
ಅಷ್ಟು ಬುದ್ಧಿ ಇದೆಯಲ್ಲ ಅಂದುಕೊಂಡೆ.
ಬಾಯಿ ಒರೆಸಿಕೊಂಡು ಕೇಳಿದಳು:
"ಈ ವರ್ಷ ಎಷ್ಟು ಕೂಸು ಹೋದವು?"
ಹುಟ್ಟು ಹಾಕುತ್ತಲೇ ಸಾವು ಎಣಿಸಿದೆ.
ಆರು.
ಅಲ್ಲ, ಎಂಗೆಲ್‌ನ ಅವಳಿಗಳನ್ನು ಬಿಟ್ಟಿದ್ದೆ.
ಎಂಟು.

ಆ ಚಳಿಗಾಲ ಮೀನಿನ ಸಾಹುಕಾರ ಕ್ಲೌಸ್ ಅರ್ಜಿ ಬರೆದ:
ಹೆಣ್ಣಿನೆದುರು ನಮ್ಮ ಗಂಡಸರು ಅಂಗಿ ಬಿಚ್ಚಲಾರರು,
ದಯಮಾಡಿ ಗಂಡು ಡಾಕ್ಟರನ್ನು ಕಳಿಸಿ.
ಅಕ್ಷರ ಬಂದವರು ಹೆಸರು ಬರೆದರು.
ನಾನು ಕತ್ತರಿ ಗೀಟು ಹಾಕಿದೆ.

ಉಪ್ಪಿನ ಕೊಟ್ಟಿಗೆಯ ಅಟ್ಟದಲ್ಲಿ ಅವಳ ದವಾಖಾನೆ.
ಹಲ್ಲು ನೋವಿಗೆ ಕಮ್ಮಾರನ ಇಕ್ಕಳವೇ ಸಾಕಿತ್ತು ನಮಗೆ.
ಕತ್ತಲಾದ ಮೇಲೆ ಹೆಂಗಸರು ಹೋಗುತ್ತಿದ್ದರು,
ಶಾಲಿನೊಳಗೆ ಒಂದೊಂದು ಒಣಮೀನು ಅಡಗಿಸಿಕೊಂಡು.
ಓಲ್ಯಾನ ಅಂಗೈಗೆ ಗಾಳ ಚುಚ್ಚಿ
ಕೆಂಪು ಗೆರೆ ತೋಳು ಹತ್ತಿದಾಗ
ಹೋಗು ಎಂದು ಯಾರೂ ಹೇಳಲಿಲ್ಲ.
ಹೂಳಿ ಬಂದ ಮೇಲೂ
ಆ ಮಾತು ಯಾರೂ ಆಡಲಿಲ್ಲ.

ಬೆರಿತ್‌ಗೆ ನೋವು ಬಂದು ಮೂರನೆಯ ರಾತ್ರಿ.
ಕೂಸು ಅಡ್ಡ ತಿರುಗಿತ್ತು. ಗಾಳಿ ವಾಯವ್ಯದ್ದು.
ಪಾದ್ರಿಯನ್ನು ಕರೆ ಎಂದಳು ನಮ್ಮಮ್ಮ.
ದೋಣಿ ಪಾದ್ರಿಯ ಮನೆ ದಾಟಿ ಹೋಯಿತು.

ಬಾಗಿಲು ಬಡಿದ ಕೈ ಇಳಿಸುವ ಮೊದಲೇ ತೆರೆದಳು.
ಬೂಟು ಬಿಚ್ಚದೆ ಮಲಗುತ್ತಾಳೆಂದು
ಅವತ್ತು ತಿಳಿಯಿತು.

ನಡುನೀರಿನಲ್ಲಿ ತಡೆಯಲಾಗಲಿಲ್ಲ.
ಆ ಅರ್ಜಿಯಲ್ಲಿ ನಾನೂ, ಎಂದೆ.
"ಗೊತ್ತು. ಬಾಲವಿರುವ ಗೀಟು ನಿನ್ನದು.
ನಡುಬೆರಳು ಮಡಚುವುದಿಲ್ಲ ಅಲ್ಲವೆ,
ಮೊದಲ ದಿನ ಹಗ್ಗ ಸುತ್ತುವಾಗಲೇ ನೋಡಿದ್ದೆ.
ಹುಟ್ಟು ಹಾಕು, ಎಲ್ಲಿಂಗ್."

ಒಳಗೆ ಏನು ನಡೆಯಿತೋ ನಾನು ಕಾಣೆ.
ನೀರು ಕಾಯಿಸಿದೆ. ಮತ್ತೆ ಕಾಯಿಸಿದೆ.
ಬೆಳಗಿನ ಜಾವ ಹೊರಗೆ ಬಂದು
ಸೌದೆಯ ರಾಶಿಯ ಮೇಲೆ ಕೂತಳು.
ತಣ್ಣಗಿನ ಆಲೂಗಡ್ಡೆ ಕೊಟ್ಟೆ, ಸಿಪ್ಪೆ ಸಮೇತ ತಿಂದಳು.
ಬೆರಿತ್ ಉಳಿದಳು.
ಕೂಸಿನ ಬಗ್ಗೆ
"ಒಂಬತ್ತು" ಎಂದಳು, ಅಷ್ಟೇ.

ಸಾಹುಕಾರ ಕ್ಲೌಸ್ ಅಂಗಿ ಬಿಚ್ಚಿದ್ದು ಮೂರನೆಯ ವರ್ಷ, ಕೆಮ್ಮಿಗೆ.
ಮರದ ಕೊಳವೆ ಬೆನ್ನಿಗಿಟ್ಟು ಕಿವಿ ಹಚ್ಚಿ
ಉಸಿರೆಳೆ ಎಂದಳು. ಎಳೆದ.
ಬಿಡು ಎಂದಳು. ಬಿಟ್ಟ.
ಅಷ್ಟು ವಿಧೇಯನಾಗಿ ಅವನನ್ನು
ದೇವರೂ ನೋಡಿರಲಿಕ್ಕಿಲ್ಲ.

ಇಪ್ಪತ್ತೆರಡು ವರ್ಷ ಅವಳನ್ನು ಕೂರಿಸಿಕೊಂಡು ತಿರುಗಿದೆ.
ಮೀನು ಬರುವ ವರ್ಷ ಬಂತು,
ಬಾರದ ವರ್ಷ ಬರಲಿಲ್ಲ.
ಪ್ರತಿ ಸಲವೂ ವಾಂತಿ ಮಾಡಿದಳು,
ಕಡೆಯ ಸಲ ಕೂಡ.

ಆ ಬೆರಳು ಬಿಡಿಸಿಕೊಡಲೆ, ಸಣ್ಣ ಕೊಯ್ತ ಸಾಕು
ಎಂದಿದ್ದಳು ಒಮ್ಮೆ.
ಬೇಡ ಅಂದೆ.
ಗುರುತಿಗೆ ಇರಲಿ.