ಹಾಳು: ಏಳು

ಮಾಲೂರಿನಾಚೆ, ಹಂಚಿನ ಫ್ಯಾಕ್ಟರಿಗಳ ಚಿಮಣಿ ದಾಟಿದರೆ
ನಮ್ಮ ಇಟ್ಟಿಗೆ ಗೂಡು. ಅಲ್ಲಿ ನಾನು ಲೆಕ್ಕದವನು.
ಆಳುಗಳ ಬಾಯಲ್ಲಿ ರೈಟ್ರು.
ಸಾವಿರಕ್ಕೆ ಇಷ್ಟೆಂದು ಕೂಲಿ;
ನಾಯಿ ತುಳಿದದ್ದು, ಹನಿ ಕೊರೆದದ್ದು, ಮೂಲೆ ಮುರಿದದ್ದು
ಕಳೆದು.

ಅವತ್ತು ಸೋಮವಾರ. ಪಿಳ್ಳಮ್ಮನ ಸಾಲು.
ಬೆಳಗ್ಗೆ ಅಚ್ಚು ಹಾಕಿದ ಹಸಿ ಇಟ್ಟಿಗೆಗಳ ಮೇಲೆ
ಅವಳ ಮಗ ಓಡಿಬಿಟ್ಟಿದ್ದ.
ಅಳಿಲಿನ ಹಿಂದೆಯೋ, ಹಾರಿದ ಕಾಗದದ ಹಿಂದೆಯೋ
ಕೇಳಲಿಲ್ಲ ನಾನು.
ಬಗ್ಗಿ, ಪೆನ್ನಿನ ತುದಿ ತೋರಿಸಿ ಎಣಿಸಿದೆ.
ಆರು ವರ್ಷದ ಪಾದ. ಹೆಬ್ಬೆರಳು ಮಾತ್ರ ಆಳ.
ಬರೆದೆ: ಹಾಳು, ಏಳು.
ಕಲಸಿ ಮತ್ತೆ ಮಣ್ಣು ಮಾಡು ಅಂದೆ.

ಮಗನ ಬೆನ್ನಿಗೊಂದು ಬಾರಿಸಿ
ಏಳನ್ನೂ ಎತ್ತಿ ಕೆಸರಿಗೆಸೆದು
ಸೀರೆ ಮೊಣಕಾಲಿಗೆ ಸಿಕ್ಕಿಸಿ ತುಳಿದಳು ಅವಳು.
ಅವನೂ ಇಳಿದ. ಅವಳ ಸೆರಗು ಹಿಡಿದು
ತನ್ನ ಹೆಜ್ಜೆಗಳನ್ನು ತಾನೇ ತುಳಿದ,
ಪೆಟ್ಟು ಮರೆತು, ಕೇಕೆ ಹಾಕುತ್ತ.

ಗುರುವಾರ,
ನಾವೇ ಮಣ್ಣು ಬಗೆದು ಬಗೆದು ಬಿಟ್ಟ ಗುಂಡಿಯಲ್ಲಿ,
ಹೋದ ಮಳೆಯ ನೀರು ನಿಂತ ಗುಂಡಿಯಲ್ಲಿ
ಇದನ್ನು ಬರೆಯಲಾರೆ.
ಎಲ್ಲರೂ ರೈಟ್ರು ಅನ್ನುತ್ತಾರೆ, ಆದರೂ.
ಚಪ್ಪಲಿ ದಡದಲ್ಲಿತ್ತು,
ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ.
ಟ್ರ್ಯಾಕ್ಟರಿನ ಬಾಬಾಜಾನ್ ಮೂರನೇ ಸಲ ಮುಳುಗಿ ತಂದ.
ಪಿಳ್ಳಮ್ಮ ಎದೆ ಬಡಿದುಕೊಳ್ಳಲಿಲ್ಲ.
ಕೆನ್ನೆ ತಟ್ಟುತ್ತಿದ್ದಳು,
ಸ್ಕೂಲಿಗೆ ಹೊತ್ತಾದಾಗ ತಟ್ಟುವ ಹಾಗೆ, ತುಸು ಸಿಡುಕಿನಲ್ಲಿ:
ಏಳು. ಏಳೋ ಚಲಪತಿ. ಏಳು.

ರಾತ್ರಿ ಲೆಕ್ಕದ ಪುಸ್ತಕ ಬಿಚ್ಚಿದೆ.
ನನ್ನದೇ ಅಕ್ಷರ. ಅದೇ ಮಾತು.

ಏಳು ಇಟ್ಟಿಗೆಯ ದುಡ್ಡು ಎಷ್ಟಾದೀತು,
ಒಂದು ಬಿಸ್ಕತ್ತು ಪೊಟ್ಟಣ.
ಹಿಂದಕ್ಕೆ ಕೊಡಲು ನನಗೆ ಎರಡು ತಿಂಗಳು ಹಿಡಿಯಿತು.
ಅವಳು ಕೈ ಚಾಚಲಿಲ್ಲ.
"ಏಳಲ್ಲ ರೈಟ್ರೇ, ಎಂಟು.
ನೀವು ಬರೋಕೆ ಮುಂಚೆ ಒಂದನ್ನ ಬೋರಲು ಹಾಕ್ಬಿಟ್ಟಿದ್ದೆ.
ಒಂದಾದ್ರೂ ಉಳೀಲಿ ಅಂತ.
ಕಾಲಲ್ಲ. ಕೂಲಿ."
ಆಮೇಲೆ, ಗೂಡಿನ ಕಡೆ ನೋಡುತ್ತ,
"ಬೆಂದಿರತ್ತಲ್ವಾ ಅದು? ಆ ಲೋಡು ಯಾವ ಊರಿಗೋಯ್ತು?"

ಬಿಲ್ಲು ಹುಡುಕಿದೆ. ಟೇಕಲ್. ಮೂರು ಸಾವಿರ.
ನರ್ಸೊಬ್ಬರ ಹೊಸ ಮನೆ.
ಮಳೆಗಾಲಕ್ಕೆ ಗೂಡು ನಿಂತ ಮೇಲೆ ರೈಲು ಹತ್ತಿ ಹೋದೆ,
ಹೋಗಿ ಏನು ಮಾಡುವೆನೆಂದು ಗೊತ್ತಿಲ್ಲದೆ.
ಗಾರೆ ಆಗಿತ್ತು. ಗಿಳಿಹಸಿರು ಬಣ್ಣವೂ.
ಗೋಡೆಗೆ ಅಂಗೈ ಒತ್ತಿ ನಿಂತೆ.
ಇಲ್ಲಿಯೋ, ಕಿಟಕಿಯ ಕೆಳಗೋ, ಬಚ್ಚಲ ಮೂಲೆಯಲ್ಲೋ.
ಯಾರು ಅಂದರು. ಮೀಟರ್ ನೋಡೋಕೆ ಅಂದೆ.
ಅವತ್ತು ಅಷ್ಟಮಿ. ಗೇಟಿನಿಂದ ದೇವರ ಕೋಣೆಯವರೆಗೆ
ಅಕ್ಕಿಹಿಟ್ಟಿನ ಪುಟ್ಟ ಪುಟ್ಟ ಪಾದ.
ಮುಷ್ಟಿ ಒತ್ತಿ, ಮೇಲೆ ಐದು ಬೆರಳ ಚುಕ್ಕೆ.
ಆ ಮನೆಯ ಹುಡುಗಿ ಕೂಗಿದಳು:
"ಅಂಕಲ್, ತುಳೀಬೇಡಿ!"

ತುಳಿಯಲಿಲ್ಲ. ಗೋಡೆಗೆ ಅಂಟಿಕೊಂಡೇ ಹಿಂದಕ್ಕೆ ಬಂದೆ.

ಪಿಳ್ಳಮ್ಮನಿಗೆ ಎಲ್ಲ ಹೇಳಿದೆ, ಅಕ್ಕಿಹಿಟ್ಟು ಬಿಟ್ಟು.
ಗೋಡೆ ಒಡೆಸಿ ಅನ್ನಲಿಲ್ಲ ಅವಳು,
ನನ್ನೂ ಕರ್ಕೊಂಡೋಗಿ ಅನ್ನಲಿಲ್ಲ.
ಮಣ್ಣು ಮೆತ್ತಿದ ಕೈ ನೋಡಿಕೊಳ್ಳುತ್ತ ಕೇಳಿದ್ದು ಒಂದೇ:
"ಗೋಡೇಲಿ ಅವನ ಪಾದ ಯಾವ ಕಡೆಗೈತೆ?
ಒಳಕ್ಕೋಗ್ತಾ ಐತಾ, ಈಚೆಗೆ ಬರ್ತಾ ಐತಾ?"

ಒಳಕ್ಕೆ ಅಂದರೆ
ಬೇರೆ ಯಾರದೋ ಮಗುವಾದಂತೆ.
ಈಚೆಗೆ ಅಂದರೆ
ಹೊತ್ತು ಮುಳುಗಿದರೂ ಹೊರಗೇ ಇದ್ದಂತೆ.
ಇಪ್ಪತ್ತಾರು ವರ್ಷ ಕೂಡಿ ಕಳೆದವನು
ಬಾಯಿ ತೆರೆದು ನಿಂತೆ.

ಅವಳು ಅಚ್ಚನ್ನು ನೀರಿಗದ್ದಿ,
ಬೂದಿ ಉದುರಿಸಿ,
ನೆಲಕ್ಕೆ ಕುಕ್ಕರಿಸಿದಳು.
"ಬಿಡಿ. ಓಡ್ತಾ ಇದ್ನಲ್ಲ,
ನಿಂತಿರಲ್ಲ."