ಬುಧವಾರದ ಸೂಜಿ

ಪತ್ರ ಬಂದಾಗ ಆಲೂಗಡ್ಡೆ ಸುಲಿಯುತ್ತಿದ್ದೆ.
ಎರಡು ವರ್ಷ ನಾಲ್ಕು ತಿಂಗಳು ಕಾದ ಪತ್ರ;
ನೀಲಿ ಮೊಹರಿನ ಮೇಲೆ ಒದ್ದೆ ಹೆಬ್ಬೆರಳು ಒತ್ತಿತು.
'ಶ್ರೀಮತಿ ಡೆಲಿತ್ ಪ್ರಿಚರ್ಡ್, ನಿಮ್ಮ ಸರದಿ ಬಂದಿದೆ.'
ಇಡ್ರಿಸ್ ಕೇಳಿದ: ಯಾವುದರದ್ದು, ಲಾಟರಿಯದ್ದೇ?
ಅಲ್ಲ ಮಾರಾಯ, ತೂಕ ಇಳಿಸುವ ಸರ್ಕಾರಿ ಸೂಜಿಯದ್ದು.

ಸರದಿಯೆಂದರೇನೆಂದು ನನಗೆ ಗೊತ್ತು.
ಮೂವತ್ತೊಂದು ವರ್ಷ ನೀತ್ ಊರಿನ ಶಾಲೆಯ ಅಡುಗೆಮನೆಯಲ್ಲಿ
ಸೌಟು ಹಿಡಿದು ನಿಂತವಳು.
ತಟ್ಟೆ ಹಿಡಿದ ಪುಟ್ಟ ಕೈಗಳ ಸಾಲು
ಬಾಗಿಲು ದಾಟಿ ಮಳೆಯವರೆಗೂ ಚಾಚುತ್ತಿತ್ತು.
ಕೊನೆಯ ಮಗುವಿಗೂ ಕಸ್ಟರ್ಡ್ ಉಳಿಸುವುದು ನನ್ನ ಲೆಕ್ಕ.
ಯಾರ ಮನೆಯಲ್ಲಿ ಬೆಳಗ್ಗೆ ಒಲೆ ಹತ್ತಿಲ್ಲವೆಂದು
ಕಣ್ಣು ನೋಡಿದರೆ ತಿಳಿಯುತ್ತಿತ್ತು;
ಅವರಿಗೆ ಸೌಟು ತುಸು ಆಳಕ್ಕೆ ಇಳಿಯುತ್ತಿತ್ತು.
ಮಿಕ್ಕಿದ್ದು ನನಗೆ. ಚೆಲ್ಲಲು ಕೈ ಬರುತ್ತಿರಲಿಲ್ಲ.
ಹಾಗೆ ಚಮಚ ಚಮಚವಾಗಿ ಮೈಗೇರಿತು
ಮಿಕ್ಕ ಊಟದ ಮೂವತ್ತೊಂದು ವರ್ಷ.

ಇದನ್ನು ಬರೆಯಲು ಅರ್ಜಿಯಲ್ಲಿ ಜಾಗವಿರಲಿಲ್ಲ.
ಎತ್ತರ, ತೂಕ, ರಕ್ತದ ಒತ್ತಡ,
ನಿದ್ದೆಯಲ್ಲಿ ಉಸಿರು ನಿಲ್ಲುತ್ತದೆಯೇ, ಹೌದು, ಇಲ್ಲ.
ಮೊದಲ ಸಲ ಒಂದು ಕಾಯಿಲೆ ಕಮ್ಮಿ ಬಿತ್ತು ನನಗೆ.
'ಇನ್ನೊಂದಿದ್ದಿದ್ದರೆ ಸಿಗುತ್ತಿತ್ತು' ಅಂದಳು ಕೌಂಟರಿನ ಹುಡುಗಿ,
ಕೂಪನ್ನಿಗೆ ಒಂದು ಮುದ್ರೆ ಕಮ್ಮಿ ಅನ್ನುವ ಹಾಗೆ.
ಮುಂದಿನ ಚಳಿಗಾಲ ಸಕ್ಕರೆ ಏರಿತು.
ನಾಚಿಕೆ ಬಿಟ್ಟು ಹೇಳುತ್ತೇನೆ: ಖುಷಿಯಾಯಿತು.

ನಾದಿನಿ ಬ್ಲಾಡ್ವೆನ್ ಕಾಯಲಿಲ್ಲ. ಕ್ಯಾರವಾನ್ ಮಾರಿ
ತಿಂಗಳು ತಿಂಗಳು ದುಡ್ಡು ತೆತ್ತು ಚುಚ್ಚಿಕೊಂಡಳು.
ಈಸ್ಟರಿಗೆ ಅರ್ಧ ಬ್ಲಾಡ್ವೆನ್ ಬಂದಳು,
ಮದುವೆಯ ಉಂಗುರಕ್ಕೆ ದಾರ ಸುತ್ತಿಕೊಂಡು.
ನನಗೆ ಹೊಟ್ಟೆ ಉರಿಯಿತು.
ಆ ಉರಿಗೆ ಯಾವ ವಿಭಾಗದಲ್ಲೂ ಮದ್ದಿಲ್ಲ.

ಆಸ್ಪತ್ರೆಯಲ್ಲಿ ಕಾಯುವ ಕೋಣೆ.
ಕೈಯಿಲ್ಲದ ಅಗಲ ಕುರ್ಚಿಗಳು ಮೂರು, ನಾವು ಐವರು.
ಯಾರೂ ಯಾರನ್ನೂ ನೋಡದ ಹಾಗೆ ನೋಡಿಕೊಂಡೆವು.
ಮೂಲೆಯಲ್ಲೊಬ್ಬ, ಬಸ್ಸು ಚಾಲಕರ ಸಮವಸ್ತ್ರ,
ಆ ಹುಬ್ಬು, ಆ ಚಾಚಿದ ಎಡಗಿವಿ...
'ಮಿಸೆಸ್ ಪ್ರಿಚರ್ಡ್?' ಅಂದ.
ಎಮ್ರಿಸ್. ಸಾಲಿನ ಕೊನೆಯ ಹುಡುಗ.
ಎದ್ದು ತನ್ನ ಕುರ್ಚಿ ನನಗೆ ಬಿಟ್ಟುಕೊಟ್ಟ.
ನಾನು ಬಡಿಸಿದ ಎರಡನೇ ಸೌಟು
ಇನ್ನೂ ಅವನ ಮೈಮೇಲಿದೆಯೇನೋ ಅನ್ನಿಸಿತು.
ಕೇಳಲಿಲ್ಲ. ಕುರ್ಚಿ ಬೆಚ್ಚಗಿತ್ತು.

ನರ್ಸ್ ಲುವಾಲ್ಹಾಟಿ ಪೆನ್ನು ತೋರಿಸಿದಳು, ಬರೆಯದ ಪೆನ್ನು.
ತಿರುಗಿಸು, ಟಿಕ್ ಅನ್ನಲಿ, ಹೊಕ್ಕುಳಿಂದ ಮೂರು ಬೆರಳು ದೂರ,
ಚುಚ್ಚು, ಹತ್ತು ಎಣಿಸು. ಪ್ರತಿ ಬುಧವಾರ.
ಎಷ್ಟು ದಿನ? ಎರಡು ವರ್ಷ.
ಆಮೇಲೆ? ಅವಳು ಪರದೆಯ ಕಡೆ ತಿರುಗಿದಳು,
ಆಮೇಲೆ ಆಮೇಲೆ ನೋಡೋಣ.

ಮೊದಲ ವಾರ ಬರೀ ವಾಕರಿಕೆ.
ಮೂರನೆಯ ವಾರ ಒಂದು ಸದ್ದು ನಿಂತಿತು.
ಫ್ರಿಜ್ಜಿನ ಮೋಟಾರು ನಿಂತಾಗಲೇ ಅಲ್ಲವೇ
ಇಷ್ಟು ಹೊತ್ತು ಗುಂಯ್‌ಗುಟ್ಟಿತ್ತೆಂದು ತಿಳಿಯುವುದು, ಹಾಗೆ.
ಹಸಿವಲ್ಲ ಅದು, ಹಸಿವಿನ ಪಕ್ಕದ ಮನೆಯವಳು,
ನಡುರಾತ್ರಿ ಗೋಡೆ ತಟ್ಟಿ
ಬಿಸ್ಕತ್ತಿನ ಡಬ್ಬಿ ಎಲ್ಲಿದೆಯೆಂದು ನೆನಪಿಸುತ್ತಿದ್ದವಳು.
ಮನೆ ಖಾಲಿ ಮಾಡಿದ್ದಾಳೆ. ಬೀಗದ ಕೈ ಅವಳ ಬಳಿಯೇ ಇದೆ.

ಭಾನುವಾರ ಇಡ್ರಿಸ್ ಕುರಿಮಾಂಸ ಬೇಯಿಸಿದ, ಪುದೀನ ಅರೆದ.
ನಾಲ್ಕು ತುತ್ತಿಗೆ ನನ್ನ ಕೈ ನಿಂತಿತು.
'ಚೆನ್ನಾಗಿಲ್ಲವೇ?' ಅಂದ,
ನಲವತ್ತು ವರ್ಷದಲ್ಲಿ ಮೊದಲ ಸಲ ಕೇಳಿದ ಮಾತು.
ಚೆನ್ನಾಗಿತ್ತು. ಅದನ್ನೇ ನಂಬಿಸಲು ಆಗಲಿಲ್ಲ.
ಮಿಕ್ಕಿದ್ದನ್ನು ಡಬ್ಬಿಗೆ ತುಂಬಿ, ಬೆಣ್ಣೆಗೂ ಪೆನ್ನಿಗೂ ನಡುವೆ
ಜಾಗ ಮಾಡಿ ಇಟ್ಟೆ.
ಮಿಕ್ಕಿದ್ದು ಮಿಕ್ಕಿಯೇ ಇತ್ತು ಬೆಳಗ್ಗೆಯೂ.

ನಿನ್ನೆ ಎಮ್ರಿಸನ ಬಸ್ಸು ಹತ್ತಿದೆ.
ಪಾಸು ತೋರಿಸುತ್ತ 'ಎಷ್ಟು?' ಅಂದೆ.
ಸ್ಟಿಯರಿಂಗ್ ಬಿಟ್ಟು ನಾಲ್ಕು ಬೆರಳೆತ್ತಿದ.
ನನಗೆ ಎರಡೂ ಕೈ ಬೇಕಾಯಿತು.
ಹಿಂದೆ ನಿಂತವರೆಲ್ಲ
ಟಿಕೆಟ್ಟಿನ ಲೆಕ್ಕವೆಂದುಕೊಂಡು ಕಾದರು.